ಕೈಗುಣ

ಕೆಲವರ ಕೈಗುಣವೇ ಒಳ್ಳೆಯದು ಎಂದು ನಾವು ಹೇಳುವುದುಂಟು. ಅಂಥವರು ಒಣಗಿದ ಕಡ್ಡಿಯನ್ನು ಊರಿದರೂ ಅದು ಚಿಗುರುತ್ತದೆಯಂತೆ. ನನ್ನ ತಾಯಿಗೆ ಈ ಹೆಸರಿತ್ತು. ಅಕ್ಕನಿಗೆ ಅದು ಪಿತ್ರಾರ್ಜಿತವಾಗಿ, ಅಲ್ಲ, ಮಾತ್ರಾರ್ಜಿತವಾಗಿ ಬಂತು. ನನ್ನ ಪಾಲಿಗೆ ಬಂದದ್ದು ಪುಸ್ತಕಗಳು ಮಾತ್ರ. ನಿವೃತ್ತನಾಗಿ ಬೆಂಗಳೂರಿನ ಒಂದು ಬಹುಮಹಡಿ ಕಟ್ಟಡದ ನಾಲ್ಕನೆಯ ಅಂತಸ್ತಿಗೆ ಬಂದು ಸೇರಿದ ಮೇಲೆ ನಾನು ಕೊಂದ ಗಿಡಗಳ ಸಂಖ್ಯೆಯನ್ನು ಇಲ್ಲಿ ಹೇಳಲಾರೆ. ಅವುಗಳ ಖಾಲಿ ಕುಂಡಗಳು ಬಚ್ಚಲುಮನೆಯ ಅಟ್ಟದ ಮೇಲೆ ಒಂದರೊಳಗೊಂದು ಕುಳಿತಿವೆ. ಬಿಸಿನೀರಿಗೆಂದು ಹೋದಾಗಲೆಲ್ಲ ಮೇಲಿನಿಂದ ನನ್ನನ್ನು ನೋಡುತ್ತವೆ.

ಇಂಥವನನ್ನು ಮನೆಯೊಳಗಿನ ಗಿಡಗಳ ವಿಷಯವಾಗಿ ಮಾತನಾಡಲು ಕರೆದದ್ದು ವಿಚಿತ್ರವೆಂದು ಕೇಳುಗರಿಗೆ ತೋರಬಹುದು. ಆದರೆ ಪಾಸಾದವನಿಗಿಂತ ನಪಾಸಾದವನಿಗೇ ಪ್ರಶ್ನಪತ್ರಿಕೆ ಚೆನ್ನಾಗಿ ನೆನಪಿರುತ್ತದೆ. ಮೂವತ್ತು ವರ್ಷಗಳ ಕಾಲ ಉತ್ತರಪತ್ರಿಕೆಗಳನ್ನು ತಿದ್ದಿದವನ ಅನುಭವದ ಮಾತಿದು.

ಮನೆಯೊಳಗೆ ಗಿಡವನ್ನು ಸಾಕುವುದು ನಮ್ಮವರಿಗೆ ಹೊಸತು. ನಮಗೆ ಅಂಗಳವಿತ್ತು, ಹಿತ್ತಲಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಬೇಕಾದರೆ ಹಿತ್ತಿಲೆಂಬುದೊಂದು ಇರಬೇಕಷ್ಟೆ. ಹೊಸ್ತಿಲು ದಾಟಿ ಒಳಗೆ ಬರುತ್ತಿದ್ದದ್ದು ಹೂವು, ತಳಿರು, ಸೊಪ್ಪು. ಬೇರು ಹೊರಗೇ ಉಳಿಯುತ್ತಿತ್ತು. ಈಗ ಮನೆಗಳು ಒಂದರ ತಲೆಯ ಮೇಲೊಂದು ಏರಿವೆ, ನಮ್ಮ ಹಿತ್ತಿಲು ಯಾರದೋ ಮನೆಯ ಸೂರು. ಗಿಡ ಬೇಕೆಂದರೆ ಅದೂ ನಮ್ಮೊಡನೆ ಲಿಫ್ಟು ಹತ್ತಬೇಕು.

ಲಂಡನ್ನಿನ ಜನಕ್ಕೆ ಈ ಸಂಕಟ ನಮಗಿಂತ ಬಹಳ ಮೊದಲೇ ಬಂದಿತ್ತು. ಅಲ್ಲಿ ಕಲ್ಲಿದ್ದಲಿನ ಹೊಗೆಗೆ ಗಿಡಗಳು ಸಾಯುತ್ತಿದ್ದವು. ನಥಾನಿಯೆಲ್ ವಾರ್ಡ್ ಎಂಬ ವೈದ್ಯನೊಬ್ಬ 1829ರಲ್ಲಿ ಪತಂಗದ ಗೂಡೊಂದನ್ನು ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದ. ನೋಡಿದರೆ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಸ್ವಲ್ಪ ಹುಲ್ಲೂ ತಾವಾಗಿಯೇ ಮೊಳೆತಿದ್ದವು. ಅವನ ತೋಟದಲ್ಲಿ ಎಷ್ಟು ಆರೈಕೆ ಮಾಡಿದರೂ ಬದುಕದಿದ್ದ ಜರೀಗಿಡ, ಮರೆತುಬಿಟ್ಟ ಸೀಸೆಯಲ್ಲಿ ಸುಖವಾಗಿತ್ತು. ಇದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನಾದ ಚಹಾಗಿಡಗಳು ಹಡಗೇರಿ ನಮ್ಮ ದೇಶಕ್ಕೆ ಬಂದವು. ಅದು ಬೇರೆಯೇ ಕಥೆ. ನನಗೆ ಈ ಪ್ರಸಂಗದಲ್ಲಿ ಹಿಡಿಸಿದ್ದು ಆ ಮರೆತುಬಿಟ್ಟ ಎಂಬ ಮಾತು.

ನನ್ನ ಅಪರಾಧದ ಕಥೆಗೆ ಬರುತ್ತೇನೆ. ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಒಂದು ತುಳಸಿಕಟ್ಟೆಯಿತ್ತು. ಅದರಲ್ಲಿದ್ದದ್ದು ಕೃಷ್ಣತುಳಸಿ, ಕಾಂಡವೂ ಎಲೆಯೂ ನೇರಳೆಗಪ್ಪು. ತಾಯಿ ತೀರಿಕೊಂಡ ಮೇಲೂ ಅದು ಉಳಿದಿತ್ತು. 2022ರಲ್ಲಿ ಆ ಮನೆಯನ್ನು ಮಾರಿದೆವು. ಕೊನೆಯ ದಿನ ಅಕ್ಕ ಕಟ್ಟೆಯ ಬುಡದಲ್ಲಿ ಎದ್ದಿದ್ದ ಸಸಿಗಳಲ್ಲಿ ಎರಡನ್ನು ಮಣ್ಣುಸಹಿತ ಕಿತ್ತು, ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ತೆಂಗಿನ ಗರಟೆಯಲ್ಲಿ ಕೂರಿಸಿ ನನ್ನ ಕೈಗೆ ಕೊಟ್ಟಳು. ಅವಳು ಶಿವಮೊಗ್ಗೆಗೆ ಹೋದಳು. ನಾನು ರಾತ್ರಿಯೆಲ್ಲ ಗರಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಬಂದೆ.

ಸಸಿಗೆ ತಕ್ಕ ಗೌರವ ಸಲ್ಲಬೇಕೆಂದು ಸಿಮೆಂಟಿನ ಒಂದು ಚಂದದ ಬೃಂದಾವನವನ್ನು ಕೊಂಡು ತಂದೆ. ಸುತ್ತಲೂ ಶಂಖಚಕ್ರಗಳಿದ್ದವು, ತಳದಲ್ಲಿ ತೂತು ಮಾತ್ರ ಇರಲಿಲ್ಲ. ಅದನ್ನು ಬಾಲ್ಕನಿಯಲ್ಲಿಟ್ಟೆ. ಬಾಲ್ಕನಿ ಉತ್ತರಕ್ಕಿದೆ, ಎದುರಿಗೆ ಇನ್ನೊಂದು ಕಟ್ಟಡ. ದಿನವೂ ಸ್ನಾನವಾದೊಡನೆ ತಾಯಿ ಮಾಡುತ್ತಿದ್ದಂತೆಯೇ ಒಂದು ಚೊಂಬು ನೀರೆರೆದೆ. ಬೇಸರವಾದ ಸಂಜೆಗಳಲ್ಲಿ ಇನ್ನೊಂದು ಚೊಂಬು. ತರಗತಿಯಲ್ಲಿ ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಪಾಠ ಹೇಳಿದವನು ನಾನು. ಗಿಡಗಳ ದಾಹ ತೀರುವವರೆಗೆ ತಾನು ನೀರು ಮುಟ್ಟದ ಶಕುಂತಲೆಯ ನೆನಪು ಬೇರೆ. ಎಲೆ ಹಳದಿಯಾಯಿತು, ಉದುರಿತು. ನೀರು ಸಾಲದೇನೋ ಎಂದುಕೊಂಡೆ. ಬುಡ ಕಪ್ಪಾಗಿ ಮೆತ್ತಗಾಯಿತು. ನಾಲ್ಕನೆಯ ತಿಂಗಳಿನಲ್ಲಿ ಮುಟ್ಟಿದರೆ ಇಡೀ ಗಿಡವೇ ಕೈಗೆ ಬಂತು.

ಅಕ್ಕ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮಾತಿನ ಕೊನೆಗೆ ‘ತುಳಸಿ ಹೇಗಿದೆಯೋ?’ ಎಂದು ಕೇಳುತ್ತಾಳೆ. ‘ಚೆನ್ನಾಗಿದೆ’ ಎಂದೆ. ಒಮ್ಮೆ ಹೇಳಿದ ಮೇಲೆ ಮುಂದಿನ ವಾರವೂ ಅದನ್ನೇ ಹೇಳಬೇಕಾಯಿತು. ಎರಡು ವರ್ಷ ಹೇಳಿದೆ.

ಸತ್ತದ್ದರ ಜಾಗದಲ್ಲಿ ಇನ್ನೊಂದು ತುಳಸಿಯನ್ನಿಡುವ ಗುಟ್ಟಿನ ಉದ್ದೇಶದಿಂದಲೇ ನಾನು ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳ ಬೀದಿಗೆ ಹೋದದ್ದು. ಅಲ್ಲಿ ಒಬ್ಬ ವಯಸ್ಸಾದ ಮಾಲಿ ನನ್ನನ್ನು ಎರಡೇ ಪ್ರಶ್ನೆ ಕೇಳಿದ. ಕಿಟಕಿ ಯಾವ ದಿಕ್ಕಿಗಿದೆ? ನೀರು ಎಷ್ಟು ದಿನಕ್ಕೊಮ್ಮೆ? ಎರಡನೆಯದಕ್ಕೆ ನಾನು ಹೆಮ್ಮೆಯಿಂದ ‘ದಿನಾ ಎರಡು ಹೊತ್ತು’ ಎಂದೆ. ‘ಹಂಗಾದ್ರೆ ಗಿಡ ಬಾಯಾರಿ ಸತ್ತಿಲ್ಲ ಸಾರ್, ಮುಳುಗಿ ಸತ್ತಿದೆ’ ಎಂದ.

ಆಮೇಲೆ ಪುಸ್ತಕಗಳನ್ನು ನೋಡಿದೆ. ಅವನ ಮಾತೇ ಅಲ್ಲಿಯೂ ಇತ್ತು. ಬೇರಿಗೆ ನೀರು ಬೇಕಾದಂತೆ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವೆ ಗಾಳಿಯಿರುವ ಸಂದುಗಳಿರುತ್ತವೆ. ಸದಾ ನೀರು ನಿಂತರೆ ಆ ಸಂದುಗಳು ತುಂಬಿ ಬೇರಿಗೆ ಆಮ್ಲಜನಕ ಸಿಗದಾಗುತ್ತದೆ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ನೀರಿನ ನಡುವೆಯೇ ಎಲೆ ಜೋಲುತ್ತದೆ. ಜೋತ ಎಲೆಯನ್ನು ಕಂಡ ಯಜಮಾನ ಮರುಗಿ ಇನ್ನಷ್ಟು ನೀರು ಹೊಯ್ಯುತ್ತಾನೆ. ಗಿಡ ಸಾಕಲಾರೆವೆಂದು ಕೊರಗುವವರಲ್ಲಿ ಹೆಚ್ಚಿನವರು ಅಲಕ್ಷ್ಯದಿಂದಲ್ಲ, ಅಕ್ಕರೆಯಿಂದಲೇ ಕೊಲ್ಲುವವರು. ಶಕುಂತಲೆಯ ಗಿಡಗಳು ನೆಲದಲ್ಲಿದ್ದವು, ಸುತ್ತ ಪಾತಿಯಿತ್ತು, ಮಿಕ್ಕ ನೀರನ್ನು ಭೂಮಿ ಕುಡಿಯುತ್ತಿತ್ತು. ನನ್ನ ತಾಯಿಯ ಕಟ್ಟೆಯೂ ಹಾಗೆಯೇ; ಒಳಗಿನ ಮಣ್ಣು ಕೆಳಗೆ ನೆಲಕ್ಕೇ ಕೂಡಿಕೊಂಡಿತ್ತು, ಮೇಲೆ ದಿನವಿಡೀ ಬಿಸಿಲು. ಅವಳ ಒಂದು ಚೊಂಬಿಗೂ ನನ್ನ ಒಂದು ಚೊಂಬಿಗೂ ಇದ್ದ ಅಂತರ ಅದು.

ಹಾಗಾದರೆ ನೀರು ಯಾವಾಗ ಹಾಕಬೇಕು? ವಾರಕ್ಕಿಷ್ಟು ಸಲ ಎಂಬ ಲೆಕ್ಕ ಕೆಲಸಕ್ಕೆ ಬಾರದು. ಬೆರಳನ್ನು ಮಣ್ಣಿನೊಳಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಬೇಕು. ತಂಪು ತಾಗಿದರೆ ಚೊಂಬನ್ನು ಹಿಂದಕ್ಕೆ ಒಯ್ಯಬೇಕು. ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ಹೊಯ್ದು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ತೂತಿಲ್ಲದ ಕುಂಡವನ್ನು, ಅದರ ಮೇಲೆ ಎಷ್ಟೇ ಶಂಖಚಕ್ರಗಳಿರಲಿ, ಕೊಳ್ಳಬಾರದು.

ಆ ಮಾಲಿ ಅಂದು ನನಗೆ ತುಳಸಿಯನ್ನು ಮಾರಲು ಒಪ್ಪಲಿಲ್ಲ. ‘ಉತ್ತರದ ಬಾಲ್ಕನಿಗೆ ಬೇಡ ಸಾರ್, ಪಾಪ’ ಎಂದ. ಬದಲಿಗೆ ಕತ್ತಿಯಂತೆ ನೆಟ್ಟಗೆ ನಿಂತ, ಹಸಿರು ಎಲೆಯ ಮೇಲೆ ಹಾವಿನ ಮೈಯಂಥ ಪಟ್ಟೆಗಳಿದ್ದ ಒಂದು ಗಿಡವನ್ನು ಕೊಟ್ಟು, ‘ಇದನ್ನ ಮರೆತುಬಿಡಿ’ ಎಂದ. ಸ್ನೇಕ್ ಪ್ಲಾಂಟ್ ಎಂದು ನೀವೆಲ್ಲ ಬಲ್ಲ ಗಿಡ. ಇಂಗ್ಲಿಷರು ಇದಕ್ಕೆ ಅತ್ತೆಯ ನಾಲಿಗೆ ಎಂದೂ ಹೆಸರಿಟ್ಟಿದ್ದಾರೆ. ಅತ್ತೆಯರ ಬಗೆಗೆ ಲೋಕದ ಅಭಿಪ್ರಾಯ ಎಲ್ಲೆಡೆಯೂ ಒಂದೇ ಎಂದು ತೋರುತ್ತದೆ. ಇದರ ತವರು ಪಶ್ಚಿಮ ಆಫ್ರಿಕ. ದಪ್ಪ ಎಲೆಯಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮಿಕ್ಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆಳೆದುಕೊಂಡರೆ, ಇದು ಬಿಸಿಲಿಳಿದ ಮೇಲೆ ರಾತ್ರಿಯಲ್ಲಿ ತೆರೆಯುತ್ತದೆ. ಆದ್ದರಿಂದ ಮೈಯ ನೀರು ಆವಿಯಾಗಿ ಹೋಗುವುದು ಬಹಳ ಕಡಿಮೆ. ತಿಂಗಳಿಗೆ ಎರಡು ಸಲ ನೀರು ಕಂಡರೂ ಇದಕ್ಕೆ ದೂರಿಲ್ಲ. ಎಲೆಯೊಂದನ್ನು ಕತ್ತರಿಸಿ ತುಂಡನ್ನು ಮಣ್ಣಿನಲ್ಲೂರಿದರೆ ನಿಧಾನವಾಗಿ ಬೇರುಬಿಡುತ್ತದೆ. ಒಂದು ಚೋದ್ಯವೆಂದರೆ, ಹಳದಿ ಅಂಚಿನ ಜಾತಿಯ ಎಲೆಯನ್ನು ಹೀಗೆ ಊರಿದರೆ ಹುಟ್ಟುವ ಮರಿಗೆ ಆ ಅಂಚು ಬರುವುದಿಲ್ಲ. ಜರತಾರಿ ಅಂಚು ಬೇಕಾದರೆ ಬುಡದ ಗಡ್ಡೆಯನ್ನೇ ಸೀಳಿ ನೆಡಬೇಕು.

ಈ ಗಿಡದ ಒಂದು ಸೋದರ ಜಾತಿ ನಮ್ಮ ನೆಲದ್ದೇ. ಅದರ ಎಲೆಯ ನಾರು ಬಲು ಗಟ್ಟಿ. ಬಿಲ್ಲಿನ ಹೆದೆಗೆ ಮೌರ್ವಿ ಎಂಬ ಹೆಸರಿದೆಯಲ್ಲ, ಅದು ಮೂರ್ವಾ ಎಂಬ ಗಿಡದ ನಾರಿನಿಂದ ಆದದ್ದು. ಮೂರ್ವಾ ಯಾವುದು ಎಂಬುದರಲ್ಲಿ ಒಮ್ಮತವಿಲ್ಲ, ಎರಡು ಮೂರು ಬಳ್ಳಿಗಳನ್ನೂ ಹೆಸರಿಸುತ್ತಾರೆ. ಆದರೆ ಅದು ಈ ಸೋದರ ಗಿಡವೇ ಎಂಬ ಅಭಿಪ್ರಾಯವೂ ಇದೆ. ನಾನು ಆ ಪಕ್ಷವನ್ನೇ ಹಿಡಿದಿದ್ದೇನೆ. ಕಾವ್ಯಗಳ ತುಂಬ ಠೇಂಕಾರ ಮಾಡಿದ ಹೆದೆಯ ಬಂಧು ನಮ್ಮ ಟೀವಿಯ ಪಕ್ಕದಲ್ಲಿ ಮೌನವಾಗಿ ನಿಂತಿದೆ ಎಂದು ಭಾವಿಸಿಕೊಳ್ಳುವುದರಲ್ಲಿ ನನಗೊಂದು ಸಂತೋಷವಿದೆ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಮ್ಮನ್ನು ಮೋಸಗೊಳಿಸುತ್ತದೆ. ಕೋಣೆಗೆ ಬಂದೊಡನೆ ಪಾಪೆ ಅಗಲವಾಗಿ, ಸಾಕಷ್ಟು ಬೆಳಕಿದೆಯೆಂದು ನಮಗನ್ನಿಸುತ್ತದೆ. ಬೆಳಕನ್ನಳೆಯುವ ಲಕ್ಸ್ ಎಂಬ ಮಾನದಲ್ಲಿ ಹೇಳುವುದಾದರೆ, ನಡುಹಗಲಿನ ಬಯಲಿನಲ್ಲಿ ಸುಮಾರು 1,00,000 ಇದ್ದರೆ ಕೋಣೆಯ ಒಳಭಾಗದಲ್ಲಿ ಇರುವುದು ಕೆಲವು ನೂರು. ಬೆಳಕೇ ಗಿಡದ ಅನ್ನ. ಐದಾರು ಗಂಟೆಗಳ ಬಿಸಿಲನ್ನು ಬೇಡುವ ತುಳಸಿಗೆ, ಗುಲಾಬಿಗೆ, ದಾಸವಾಳಕ್ಕೆ ಇದು ಉಪವಾಸ. ಕಾಡಿನ ದೊಡ್ಡ ಮರಗಳ ನೆರಳಿನಲ್ಲಿ ಹುಟ್ಟಿ ಬೆಳೆದ ಜಾತಿಗಳಿಗೆ ಇದೇ ಸಾಕು. ಅವು ಒಳಗೆ ಬದುಕುವುದು ನಮ್ಮ ಕೈಗುಣದಿಂದಲ್ಲ, ತಮ್ಮ ಹುಟ್ಟಿನಿಂದ. ಆದರೂ ಕಿಟಕಿಯ ಹತ್ತಿರವಿದ್ದಷ್ಟೂ ಅವುಗಳಿಗೆ ಸುಖ.

ಮನಿಪ್ಲಾಂಟ್ ಇಂಥದ್ದೇ. ಕದ್ದು ತಂದು ನೆಟ್ಟರೆ ಮಾತ್ರ ಹಣ ತರುತ್ತದೆ ಎಂಬ ನಂಬಿಕೆಯಿಂದಾಗಿ ಎಷ್ಟೋ ಸಜ್ಜನರು ಜೀವನದಲ್ಲಿ ಮಾಡಿದ ಒಂದೇ ಕಳವು ಇದಾಗಿರುತ್ತದೆ. ನಾನೂ ಕದ್ದಿದ್ದೇನೆ, ನಿವೃತ್ತಿವೇತನ ಹೆಚ್ಚಲಿಲ್ಲ, ಬಳ್ಳಿ ಹೆಚ್ಚಿದೆ. ಪೆಸಿಫಿಕ್ ಸಾಗರದ ಮೊರೆಯಾ ಎಂಬ ಪುಟ್ಟ ದ್ವೀಪ ಇದರ ಮೂಲಸ್ಥಾನ. ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಸೀಸೆಯಲ್ಲಿಟ್ಟರೆ ಬೇರುಬಿಡುತ್ತದೆ. ಇದು ಹೂಬಿಟ್ಟದ್ದನ್ನು ನೋಡಿದವರು ಬಹಳ ವಿರಳ; ಹೂವನ್ನು ಪ್ರಚೋದಿಸುವ ಜಿಬ್ಬರೆಲಿನ್ ಎಂಬ ದ್ರವ್ಯವನ್ನು ತಯಾರಿಸುವ ಶಕ್ತಿಯೇ ಇದಕ್ಕೆ ಕುಂದಿದೆಯೆಂದು 2016ರಲ್ಲಿ ಕಂಡುಕೊಂಡರು. ಹೂವಿಲ್ಲ, ಬೀಜವಿಲ್ಲ, ಆದರೂ ಒಬ್ಬರ ಕೈಯಿಂದ ಒಬ್ಬರ ಕೈಗೆ ತುಂಡುತುಂಡಾಗಿ ದಾಟಿ ಲೋಕವನ್ನೆಲ್ಲ ಸುತ್ತಿದೆ. ಕುಂಡದಲ್ಲಿ ಅಂಗೈಯಗಲವಿರುವ ಇದರ ಎಲೆ ಮರಕ್ಕೆ ಹಬ್ಬಿದರೆ ಮೊರದಗಲವಾಗಿ ಅಂಚು ಸೀಳಿಕೊಳ್ಳುತ್ತದೆ.

ಜೀಜೀ ಪ್ಲಾಂಟ್ ಎಂಬುದು ಇತ್ತೀಚಿನ ಅತಿಥಿ. ಪೂರ್ವ ಆಫ್ರಿಕದ್ದು, 1990ರ ದಶಕದಲ್ಲಿ ಹಾಲೆಂಡಿನವರು ಹೇರಳವಾಗಿ ಬೆಳೆಸಿ ಲೋಕಕ್ಕೆಲ್ಲ ಹಂಚಿದರು. ಮಣ್ಣಿನೊಳಗೆ ಆಲೂಗಡ್ಡೆಯಂಥ ಗಡ್ಡೆಗಳಲ್ಲಿ ನೀರಿಟ್ಟುಕೊಳ್ಳುವುದರಿಂದ ನೀವು ತಿಂಗಳುಗಟ್ಟಲೆ ಕಾಶೀಯಾತ್ರೆ ಮಾಡಿ ಬಂದರೂ ಇದು ಹಾಗೆಯೇ ಹೊಳೆಯುತ್ತಿರುತ್ತದೆ. ನೂಲಿನ ತುದಿಗೆ ಮರಿಗಳನ್ನು ತೂಗುಬಿಡುವ ಸ್ಪೈಡರ್ ಪ್ಲಾಂಟ್ ಕೂಡ ಸಾಧು ಗಿಡ. ಲೋಳೆಸರದ ವಿಷಯ ನಾನು ಹೇಳಬೇಕಾದುದೇ ಇಲ್ಲ. ದೃಷ್ಟಿಯಾಗದಿರಲೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದಾಗಲೂ ಮಣ್ಣಿಲ್ಲದೆ, ನೀರಿಲ್ಲದೆ ಹಸಿರಾಗಿಯೇ ಇರುವ ಗಿಡವನ್ನು ಕೊಲ್ಲಲು ವಿಶೇಷ ಪ್ರಯತ್ನವೇ ಬೇಕು. ಕಿಟಕಿಯಲ್ಲಿ ಸ್ವಲ್ಪ ಬಿಸಿಲು ಬೀಳುವುದಾದರೆ ಕಾಡುಬಸಳೆ ಇರಲಿ. ಶಾಲೆಯಲ್ಲಿ ಅದರ ಎಲೆಯನ್ನು ಪುಸ್ತಕದ ನಡುವೆ ಇಟ್ಟು, ಅಂಚಿನಲ್ಲಿ ಮರಿ ಮೊಳೆಯುವುದನ್ನು ಕಾಯದ ಮಕ್ಕಳುಂಟೆ? ಜರ್ಮನಿಯ ಮಹಾಕವಿ ಗಯಟೆಗೂ ಇದೇ ಹುಚ್ಚಿತ್ತು. ಸ್ನೇಹಿತರಿಗೆ ಈ ಎಲೆಗಳನ್ನು ಕಳಿಸುತ್ತಿದ್ದನಂತೆ.

ಚಿಕ್ಕ ಮಕ್ಕಳಿರುವ ಮನೆಗಳಿಗೆ ಒಂದು ಎಚ್ಚರಿಕೆ. ಮನಿಪ್ಲಾಂಟ್, ಜೀಜೀ, ಬಿಳಿ ಚುಕ್ಕೆಗಳ ದೊಡ್ಡ ಎಲೆಯ ಡೀಫನ್‌ಬೇಕಿಯ ಇವೆಲ್ಲ ನಮ್ಮ ಕೆಸುವಿನ, ಸುವರ್ಣಗಡ್ಡೆಯ ಕುಟುಂಬದವು. ಸರಿಯಾಗಿ ಬೇಯದ ಕೆಸು ಗಂಟಲಲ್ಲಿ ಮಾಡುವ ತುರಿಕೆಯನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಹುಣಸೆಹುಳಿ ಹಾಕದೆ ಪತ್ರೊಡೆ ಮಾಡುವವರಿಲ್ಲ. ಸೂಜಿಯಂಥ ಹರಳುಗಳು ಎಲೆಯ ಒಳಗಿರುವುದೇ ಕಾರಣ. ಡೀಫನ್‌ಬೇಕಿಯವನ್ನು ಜಗಿದರೆ ನಾಲಿಗೆ ಊದಿ ಮಾತೇ ನಿಲ್ಲಬಹುದು. ಮೊಮ್ಮಗಳು ಅಂಬೆಗಾಲಿಡತೊಡಗಿದ ದಿನವೇ ಅದು ನಮ್ಮ ಮನೆಯಿಂದ ಹೊರಗೆ ಹೋಯಿತು. ಸ್ಪೈಡರ್ ಪ್ಲಾಂಟಿನಿಂದ ಇಂಥ ಭಯವಿಲ್ಲ.

ಈ ಗಿಡಗಳು ಮನೆಯ ಗಾಳಿಯನ್ನು ತೊಳೆಯುತ್ತವೆಂದು ಮಾರುವವರು ಹೇಳುತ್ತಾರೆ. ನಾಸಾ ಸಂಸ್ಥೆಯ 1989ರ ಒಂದು ವರದಿ ಅದಕ್ಕೆ ಆಧಾರ. ಆ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕಹಾಕಿ ನೋಡಿದಾಗ, ಕಟ್ಟಡದೊಳಗೆ ಸಾಮಾನ್ಯವಾಗಿ ಆಡುವ ಗಾಳಿ ಮಾಡುವಷ್ಟೇ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾದೀತೆಂದು ತಿಳಿಯಿತು. ಕಿಟಕಿ ತೆರೆಯುವುದು ಸುಲಭ. ಹಸಿರು ಕಣ್ಣಿಗೆ ಬೀಳಲಿ ಎಂಬುದೇ ಗಿಡವಿಡಲು ಸಾಕಾದ ಕಾರಣ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಕೈ ಸುಮ್ಮನಿರಲಿಲ್ಲ. ಬೆಳಗಾದರೆ ಚೊಂಬನ್ನು ಹಿಡಿಯುತ್ತಿತ್ತು. ಅದನ್ನು ಕಟ್ಟಿಹಾಕಿದ್ದು 2024ರ ಬೇಸಗೆ. ಕೊಳವೆಬಾವಿಗಳು ಬತ್ತಿದವು. ಆ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಬಾರದೆಂದೂ ಬಳಸಿದರೆ 5,000 ರೂಪಾಯಿ ದಂಡವೆಂದೂ ಸಾರಿತು. ನಮ್ಮ ಕಟ್ಟಡದಲ್ಲಿ ದಿನಕ್ಕೆ ಇಷ್ಟು ಹೊತ್ತೆಂದು ನಲ್ಲಿ ಬಿಟ್ಟರು. ಅಕ್ಕಿ ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದಿಟ್ಟು, ಯಾವ ಕುಂಡ ನಿಜವಾಗಿಯೂ ಒಣಗಿದೆಯೆಂದು ಬೆರಳಿಟ್ಟು ಹುಡುಕಿ, ಅದೊಂದಕ್ಕೆ ಮಾತ್ರ ಹಾಕಿದೆ. ಮೇ ತಿಂಗಳ ಕೊನೆಗೆ ನನ್ನ ಗಿಡಗಳು ಎಂದೂ ಇಲ್ಲದಷ್ಟು ಚೆನ್ನಾಗಿದ್ದವು. ಸಂತೋಷಪಡಲು ಸಂಕೋಚವಾಗುವಂಥ ಬೇಸಗೆ ಅದು.

ಆ ವರ್ಷದ ಕಾರ್ತಿಕದಲ್ಲಿ ಅಕ್ಕ ಫೋನಿನಲ್ಲಿ, ‘ಈ ಸಲ ತುಳಸಿಹಬ್ಬಕ್ಕೆ ನಿನ್ನ ಮನೆಗೇ ಬರ್ತೀನಿ. ಅಮ್ಮನ ತುಳಸಿ ಮುಂದೆ ದೀಪ ಹಚ್ಚಿ ಹೋಗ್ತೀನಿ’ ಎಂದಳು.

ಬಾಲ್ಕನಿಯಲ್ಲಿ ಆಗ ಇದ್ದದ್ದು ಬೇರೊಂದು ಅಂಗಡಿಯಿಂದ ಒಂದು ವಾರದ ಹಿಂದೆ ತಂದ ಗಿಡ. ಮಾಲಿಯ ಮಾತನ್ನು ಮೀರಿ ತಂದವುಗಳಲ್ಲಿ ಅದು ಮೂರನೆಯದು. ಕೃಷ್ಣತುಳಸಿ ಸಿಕ್ಕಿರಲಿಲ್ಲ, ಹಸಿರು ಎಲೆಯದೇ ಸಿಕ್ಕಿತ್ತು. ಬಿಸಿಲು ಸಾಲದಿದ್ದರೆ ನೇರಳೆ ಬಣ್ಣ ಮಾಸುತ್ತದೆ ಎಂಬ ಒಂದು ವಾದವನ್ನು ಸಿದ್ಧಪಡಿಸಿಕೊಂಡೆ. ಪ್ರೌಢಪ್ರಬಂಧದ ಮೌಖಿಕ ಪರೀಕ್ಷೆಗೂ ನಾನು ಅಷ್ಟು ತಯಾರಾಗಿ ಹೋಗಿರಲಿಲ್ಲ.

ಅಕ್ಕ ಬಂದಳು. ನೆಲ್ಲಿಯ ಕೊಂಬೆಯನ್ನು ತುಳಸಿಯ ಪಕ್ಕ ಊರಿ, ಹೂವಿಟ್ಟು, ದೀಪ ಹಚ್ಚಿದಳು. ಆರತಿಯಾಯಿತು. ಆಮೇಲೆ ಎಲೆಯೊಂದನ್ನು ಚಿವುಟಿ ಮೂಸಿ, ‘ಇದು ನಮ್ಮನೇದಲ್ಲ, ಅಲ್ವನಾ?’ ಎಂದಳು. ನನ್ನ ವಾದ ನೆನಪಿಗೇ ಬರಲಿಲ್ಲ.

‘ಅಲ್ಲ’ ಎಂದೆ.

‘ಯಾವಾಗ ಹೋಯ್ತು?’

‘ನಾಲ್ಕೇ ತಿಂಗಳಿಗೆ.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹೇಳಕ್ಕೆ ಏನಾಗಿತ್ತು ಮಾರಾಯ? ನಂದೂ ಹೋಯ್ತು, ಹೋದ ಮಳೆಗಾಲದಲ್ಲಿ. ಅಮ್ಮಂದು ಎಷ್ಟು ಸಲ ಹೋಗಿತ್ತೇನೋ! ಕದಿರು ಬಿಟ್ಟು ಬೀಜ ಬಲಿತ ಮೇಲೆ ತುಳಸಿ ಎಷ್ಟು ವರ್ಷ ಇರುತ್ತೆ? ಎರಡು, ಮೂರು. ಅವಳು ಬುಡದಲ್ಲಿ ಎದ್ದ ಸಸೀನ ಬೆಳಗಿನ ಜಾವ ಎದ್ದು ನಡುಕ್ಕೆ ನೆಟ್ಟುಬಿಡ್ತಿದ್ಲು. ನೀವೆಲ್ಲ ಮಲಗಿರ್ತಿದ್ರಿ.’

ಹುಟ್ಟಿದಂದಿನಿಂದ ಒಂದೇ ಗಿಡವೆಂದು ನಾನು ನಂಬಿದ್ದು ಹತ್ತಿಪ್ಪತ್ತು ಗಿಡಗಳಾಗಿದ್ದವು. ಅಕ್ಕ ತನ್ನ ಚೀಲದಿಂದ ಹಳೆಯ ಲಗ್ನಪತ್ರಿಕೆಯ ಕಾಗದದಲ್ಲಿ ಕಟ್ಟಿದ ಒಂದು ಪೊಟ್ಟಣವನ್ನು ತೆಗೆದು ಕೊಟ್ಟಳು. ಒಣಗಿದ ಕದಿರುಗಳು. ‘ಶಿವರಾತ್ರಿ ಕಳೀಲಿ, ಚಳಿ ಹೋಗ್ಲಿ. ಮಣ್ಣಿನ ಮೇಲೆ ಉದುರಿಸು, ಹೂಳಬೇಡ. ಈ ಬಾಲ್ಕನೀಲಿ ಬೇಡ’ ಎಂದಳು.

2025ರ ಮಾರ್ಚಿನಲ್ಲಿ ತಾರಸಿಯ ಪೂರ್ವದ ಮೂಲೆಯಲ್ಲಿ, ತೂತಿರುವ ಮಣ್ಣಿನ ಕುಂಡದಲ್ಲಿ, ಅಂಗೈಯಲ್ಲಿ ಉಜ್ಜಿ ಉದುರಿಸಿದೆ. ಬೀಜ ರಾಗಿಗಿಂತ ಸಣ್ಣದು. ಹತ್ತು ದಿನ ಏನೂ ಕಾಣಲಿಲ್ಲ. ಆಮೇಲೆ ಏಳು ಮೊಳೆತವು, ಐದು ನಿಂತವು. ಎರಡನ್ನು ಕೆಳಮನೆಯವರು ಕೇಳಿ ಒಯ್ದರು. ನಾಲ್ಕನೆಯ ಜೋಡಿ ಎಲೆಯ ಹೊತ್ತಿಗೆ ಕಾಂಡದ ಮೇಲೆ ನೇರಳೆಯ ಛಾಯೆ ಮೂಡಿತು. ಆ ದಿನವೇ ಅಕ್ಕನಿಗೆ ನಾನಾಗಿ ಫೋನು ಮಾಡಿದೆ.

‘ನೀರು ಎಷ್ಟು ಹಾಕ್ತಿದ್ದೀಯ?’ ಎಂದಳು.

‘ತಾಳು, ಬೆರಳಿಟ್ಟು ನೋಡಿ ಹೇಳ್ತೀನಿ’ ಎಂದೆ.